ಖರೀದಿಯ ಸಹಿ ಹುಡುಗರ ಕೈಗೆ, ಕಾರಣ ಹೇಳುವ ಕೆಲಸ ಹಿರಿಯರಿಗೆ: ನನ್ನ ಅನುಭವ

ನಮ್ಮ ಬಿಡಿಭಾಗದ ವ್ಯಾಪಾರದಲ್ಲಿ ಖರೀದಿಯ ಸಹಿ ಅಧಿಕಾರವನ್ನು ಮೂವತ್ತು ದಾಟದ ನಾಲ್ವರಿಗೆ ಕೊಡುತ್ತೇನೆ ಎಂದಾಗ ಅಪ್ಪ, ಆಡಿಟರ್, ಹಳೆಯ ಸಪ್ಲೈಯರುಗಳು ಎಲ್ಲರದ್ದೂ ಒಂದೇ ಮಾತು: ಆರು ತಿಂಗಳಲ್ಲಿ ಗೋದಾಮಿನ ತುಂಬ ಬೇಡದ ಮಾಲು ಬಿದ್ದಿರುತ್ತದೆ. ಎರಡು ವರ್ಷದ ಮೇಲಾಯಿತು. ಸ್ಟಾಕು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿದಿದೆ. ‘ಮಾಲಿಲ್ಲ’ ಎಂದು ಗ್ರಾಹಕರನ್ನು ವಾಪಸು ಕಳಿಸುವುದು ಅರ್ಧಕ್ಕಿಂತ ಕಡಿಮೆಯಾಗಿದೆ. ಎರಡನ್ನೂ ಒಟ್ಟಿಗೆ ಇಳಿಸುವುದು ಎಂಥ ಕೆಲಸ ಎಂದು ಬಿಡಿಭಾಗದ ವ್ಯಾಪಾರದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮದು ಬೇರಿಂಗ್, ಬೆಲ್ಟ್, ಆಯಿಲ್ ಸೀಲ್ ವಿತರಣೆ. ಎಂಟು-ಒಂಬತ್ತು ಸಾವಿರ ಐಟಂ. ಮುಕ್ಕಾಲು ಪಾಲು ತಿಂಗಳಿಗೆ ಒಂದೂ ಕದಲದಂಥವು.

ಮೊದಲು ಹಣ ಹೋಗಿದ್ದು ಯಾವ ಮಾಲು ಎಷ್ಟು ತರಿಸಬೇಕೆಂದು ಅಂದಾಜು ಹಾಕುವ ಸಾಫ್ಟ್‌ವೇರ್‌ಗೆ. ಲೈಸೆನ್ಸು, ಡೇಟಾ ಶುದ್ಧಿ, ಟ್ರೈನಿಂಗು ಸೇರಿ ಒಂದು ವರ್ಷದ ಲಾಭದ ಕಾಲು ಭಾಗ. ಅದು ಕೊಟ್ಟ ಆರ್ಡರ್ ಪಟ್ಟಿಯನ್ನು ಹಿರಿಯರು ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಹೊಡೆದು, ತಮ್ಮ ಅಂಕಿ ಬರೆದು, ಹುಡುಗರಿಂದ ಮತ್ತೆ ಎಂಟ್ರಿ ಮಾಡಿಸುತ್ತಿದ್ದರು. ಚುರುಕಾಗಿದ್ದ ಇಬ್ಬರು ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದವರನ್ನು ಪಳಗಿಸಿದ ಖರ್ಚನ್ನೂ ನಾನು ಸಾಫ್ಟ್‌ವೇರ್ ಲೆಕ್ಕಕ್ಕೇ ಸೇರಿಸುತ್ತೇನೆ.

ಆಮೇಲೆ ಕಿರಿಯರಿಂದ ಹಿರಿಯರಿಗೆ ಪಾಠ. 1999ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಆಗಿನ ಮುಖ್ಯಸ್ಥ ಜಾಕ್ ವೆಲ್ಚ್ ಸುಮಾರು 500 ಹಿರಿಯ ಅಧಿಕಾರಿಗಳಿಗೆ ಇಂಟರ್ನೆಟ್ ಕಲಿಸಲು ಕಿರಿಯರನ್ನು ಜೋಡಿ ಮಾಡಿದ್ದು ನಿಮಗೆ ಗೊತ್ತಿರುತ್ತದೆ. ನಮ್ಮಲ್ಲಿ ವಾರವಾರದ ಪಾಠ ಫೋನಿನ ಫೋಟೋ ಬ್ಯಾಕಪ್ ಮಾಡಿಕೊಡುವಲ್ಲಿಗೆ ಬಂದು ನಿಂತಿತು. ನಿರ್ಧಾರವೆಲ್ಲ ಹಳೆಯ ಕುರ್ಚಿಯಲ್ಲೇ ಉಳಿದಿದ್ದರಿಂದ ಯಾರಿಗೂ ಕಲಿಯುವ ಜರೂರು ಇರಲಿಲ್ಲ.

ಕೊನೆಗೆ ಕುರ್ಚಿಯನ್ನೇ ಬದಲಿಸಿದೆ. ಒಂದು ಮೊತ್ತದವರೆಗೆ ಆರ್ಡರಿಗೆ ಕೊನೆಯ ಸಹಿ ಕಿರಿಯರದ್ದು. ಹಿರಿಯರು ಯಾವ ಅಂಕಿಯನ್ನು ಬೇಕಾದರೂ ತಿದ್ದಬಹುದು, ಆದರೆ ಒಂದು ವಾಕ್ಯದ ಕಾರಣ ಇಲ್ಲದಿದ್ದರೆ ಸಿಸ್ಟಂ ತಗೊಳ್ಳುವುದಿಲ್ಲ. ಆ ತಿದ್ದುಪಡಿಯನ್ನು ತಳ್ಳಿಹಾಕುವ ಕಿರಿಯರೂ ಕಾರಣ ಬರೆಯಬೇಕು. ನನ್ನ ತಿದ್ದುಪಡಿಗೂ ಇದೇ ನಿಯಮ. ಮೂರು ತಿಂಗಳಿಗೊಮ್ಮೆ ಎಲ್ಲರ ಅಂಕಿಗಳನ್ನೂ ನಿಜವಾದ ಮಾರಾಟದ ಪಕ್ಕ ಇಟ್ಟು ನೋಡುತ್ತೇವೆ.

“ನಿಮ್ಮ ಅಪ್ಪಂಗೇ ಮೂವತ್ತು ವರ್ಷ ಕಾರಣ ಹೇಳಿಲ್ಲ, ಈಗ ಈ ಮಗೂಗೆ ಹೇಳ್ಬೇಕಾ?” ಅಂದರು ಖರೀದಿ ಮುಖ್ಯಸ್ಥರು. ಟೈಪಿಂಗ್ ತೆಗೆದು ಫೋನಿನಲ್ಲಿ ಮಾತಾಡಿದರೆ ಸಾಕು ಎಂದು ಮಾಡಿದ ಮೇಲೆ ಕಾರಣಗಳು ಬರತೊಡಗಿದವು. ಒಂದು ಆಯಿಲ್ ಸೀಲ್‌ಗೆ ಸಿಸ್ಟಂ 40 ಎಂದಿತ್ತು, ಅವರು 120 ಮಾಡಿದರು. ಕಾರಣ: “ಫ್ಯಾಕ್ಟರಿ ಬರೋ ತಿಂಗಳು ವಾರ್ಷಿಕ ರಿಪೇರಿಗೆ ಮುಚ್ತಾರೆ. ತೆಗೆದ ಮೇಲೂ ಮೊದಲು ದೊಡ್ಡ ಪಾರ್ಟಿಗಳಿಗೇ ಕೊಡೋದು.” ಇದು ನಮ್ಮ ಯಾವ ಡೇಟಾದಲ್ಲೂ ಇರಲಿಲ್ಲ. ಸಹಿ ಹಾಕುವ ಹುಡುಗಿ ಅವತ್ತೇ ಆ ತಯಾರಕರ ಸುಮಾರು ಇನ್ನೂರು ಐಟಂಗಳ ಲೀಡ್ ಟೈಮನ್ನು (ಆರ್ಡರ್ ಕೊಟ್ಟ ಮೇಲೆ ಮಾಲು ಬರಲು ಹಿಡಿಯುವ ದಿನಗಳನ್ನು) ಆ ರಜೆಗೆ ತಕ್ಕಂತೆ ತಿದ್ದಿದಳು. ಹೀಗೆ ನಿಯಮವಾದ ಪ್ರತಿ ಕಾರಣಕ್ಕೂ ಹೇಳಿದವರಿಗೆ ಬೋನಸ್ ಇಟ್ಟೆ. ಆಮೇಲೆ ಮುಖ್ಯಸ್ಥರೇ “ಇದನ್ನೂ ಬರ್ಕೊಳಮ್ಮಾ” ಎಂದು ಕರೆದು ಹೇಳತೊಡಗಿದರು.

ಅಂಕಿಗಳಲ್ಲಿ ಕಂಡದ್ದು ಇಷ್ಟು: ಹಿರಿಯರ ದೊಡ್ಡ ತಿದ್ದುಪಡಿಗಳು ಬಹುಪಾಲು ಸರಿ. ಹತ್ತನ್ನು ಹನ್ನೊಂದು ಮಾಡುವ ಸಣ್ಣ ತಿದ್ದುಪಡಿಗಳಿಂದ ನಷ್ಟವೇ ಹೆಚ್ಚು. 2009ರಲ್ಲಿ ಬೇಡಿಕೆ ಅಂದಾಜಿನ ಸಂಶೋಧಕರಾದ ಫಿಲ್ಡ್ಸ್, ಗುಡ್‌ವಿನ್ ಮತ್ತವರ ಸಂಗಡಿಗರು ನಾಲ್ಕು ಕಂಪನಿಗಳ ಅರವತ್ತು ಸಾವಿರಕ್ಕೂ ಹೆಚ್ಚು ಅಂದಾಜುಗಳನ್ನು ಜಾಲಾಡಿ ಹೇಳಿದ್ದೂ ಇದನ್ನೇ, ಅದರಲ್ಲೂ ಅಂದಾಜನ್ನು ಏರಿಸುವ ತಿದ್ದುಪಡಿಗಳನ್ನು ಇಳಿಸುವವುಗಳಷ್ಟು ನಂಬುವಂತಿಲ್ಲ ಎಂದು. ಶೇ. 20ಕ್ಕಿಂತ ಸಣ್ಣ ತಿದ್ದುಪಡಿಗಳನ್ನು ಬಂದ್ ಮಾಡಿದೆವು. ಮುಖ್ಯಸ್ಥರಿಗೆ ದಿನಾ ಅರ್ಧ ಬೆಳಗ್ಗೆ ಉಳಿಯಿತು. ಯಾವ ಐಟಂಗಳನ್ನು ಮಾತ್ರ ಹಿರಿಯರ ಮುಂದಿಡಬೇಕು ಎಂದು ಆರಿಸುವ ಸೂತ್ರವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಪೈಪೋಟಿಯವರೂ ಓದುತ್ತಾರೆ.

ನಡುವೆ ಹುಡುಗರು ಹೆಚ್ಚು ಕದಲದ ನಾನೂರು ಐಟಂಗಳ ಮೇಲೆ, ಅಪರೂಪಕ್ಕೆ ಮಾರುವ ಮಾಲಿನ ಬೇಡಿಕೆ ಅಂದಾಜಿಸುವ 1972ರ ಕ್ರಾಸ್ಟನ್ ವಿಧಾನ ಓಡಿಸಿದರು. ಆಗೊಮ್ಮೆ ಈಗೊಮ್ಮೆ ಹೋಗುವ ಮಾಲಿಗೆ ಚೆನ್ನಾಗಿ ಕೂತಿತು. ಆದರೆ ಬೇಡಿಕೆ ಬಂದಾಗ ಮಾತ್ರ ಅದು ಲೆಕ್ಕ ಬದಲಿಸುವುದರಿಂದ, ಪೂರ್ತಿ ಸತ್ತ ಮಾಲಿಗೂ ಹಳೆಯ ಅಂಕಿಯನ್ನೇ ಹಿಡಿದು ಕೂರುತ್ತಿತ್ತು. ಬೇಡಿಕೆ ಬಾರದ ಅವಧಿಯಲ್ಲೂ ಅಂದಾಜನ್ನು ಇಳಿಸುತ್ತ ಹೋಗುವ 2011ರ ಟ್ಯೂಂಟರ್-ಸಿಂಟೆಟೊಸ್-ಬಾಬಾಯ್ ವಿಧಾನಕ್ಕೆ ಹೋದ ಮೇಲೆ ಆ ಕಾಟ ತಪ್ಪಿತು. ಎರಡು ವರ್ಷದ ಕಾರಣಗಳನ್ನೆಲ್ಲ ಎಐ ಚಾಟ್‌ಬಾಟ್‌ಗೂ ಕೊಟ್ಟು ನೋಡಿದೆವು. ವಿಂಗಡಣೆ ನೀಟಾಗಿ ಮಾಡಿತು, ಆದರೆ ಕಾರಣ ಅಸ್ಪಷ್ಟವಾಗಿದ್ದ ಕಡೆ ತಾನೇ ಒಂದು ಹುಟ್ಟಿಸಿತು. ವಿಂಗಡಣೆಗಷ್ಟೇ ಇಟ್ಟುಕೊಂಡಿದ್ದೇವೆ.

ಸತ್ತ ಮಾಲನ್ನು ಅರ್ಧಕ್ಕಿಂತ ಕಡಿಮೆಗೆ ಕೊಟ್ಟು ಖಾಲಿ ಮಾಡಿದ್ದು ನೋವಿನ ಕೆಲಸ. ಆದರೂ ಸ್ಟಾಕಿನಿಂದ ಬಿಡಿಸಿಕೊಂಡ ಹಣದಲ್ಲಿ ಬ್ಯಾಂಕಿನ ವರ್ಕಿಂಗ್ ಕ್ಯಾಪಿಟಲ್ ಸಾಲ ಸಾಕಷ್ಟು ತೀರಿತು, ಹಾಗೆ ಉಳಿತಾಯವಾದ ಬಡ್ಡಿಯಲ್ಲೇ ಸಾಫ್ಟ್‌ವೇರ್ ಖರ್ಚು ಒಂದೂವರೆ ವರ್ಷದಲ್ಲಿ ವಾಪಸು ಬಂತು. ನಾಲ್ವರ ಸಂಬಳವನ್ನು ಕಾಲು ಭಾಗ ಏರಿಸಿದೆ, ಅಪ್ಪ ಹೆಚ್ಚು ಜಗಳವಾಡಿದ್ದು ಇದಕ್ಕೇ. ಸಹಿಯ ಹೊಣೆ ಹೊರಿಸಿ ಹಳೆಯ ಸಂಬಳವನ್ನೇ ಕೊಟ್ಟಿದ್ದರೆ ಇವರೂ ಬಿಟ್ಟು ಹೋಗುತ್ತಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ.

ಈಗ ಇದೇ ಪದ್ಧತಿಯನ್ನು ಉದ್ರಿಗೆ ತಂದಿದ್ದೇವೆ: ಯಾವ ಗ್ರಾಹಕರಿಗೆ ಎಷ್ಟು ಸಾಲ, ಎಷ್ಟು ದಿನ. ಅಲ್ಲಿ ಕಾರಣ ಹೇಳಬೇಕಾದ ಹಿರಿಯರು ಅಪ್ಪ. ಕಳೆದ ವಾರ ಮೊದಲ ಮೂರು ಕಾರಣ ಬಂದಿವೆ.