ಮನೆತನದ ವಹಿ ಬರೆಯುವ ಬಗೆ: ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗೆ

ಮಾಲಿಪಾಟೀಲ ಅಂದರೆ ಯಾವ ಜಾತಿ ಎಂದು ಕೇಳಿದರೆ ಉತ್ತರವಿಲ್ಲ. ನಿಜಾಮರ ಆಡಳಿತದಲ್ಲಿ ಊರಿನ ಕಂದಾಯ ನೋಡುತ್ತಿದ್ದವ ಮಾಲಿಪಾಟೀಲ, ಬಂದೋಬಸ್ತು ನೋಡುತ್ತಿದ್ದವ ಪೊಲೀಸ್ ಪಾಟೀಲ. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಹುದ್ದೆ ಹೋಯಿತು, ಹೆಸರು ಮಾತ್ರ ಮನೆಗೆ ಅಂಟಿಕೊಂಡೇ ಉಳಿಯಿತು. ಪಟೇಲ್ ಎಂಬ ಅಡ್ಡಹೆಸರಿನ ಮುಸ್ಲಿಂ ಮನೆಗಳೂ ಇಲ್ಲಿವೆ. ಹುಸೇನಪ್ಪ, ಲಾಲಪ್ಪ, ಮೌಲಪ್ಪ ಎಂಬ ಹೆಸರಿನ ಹಿಂದೂಗಳೂ ಇದ್ದಾರೆ. ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸಿಗೆ ಇಟ್ಟ ಹೆಸರುಗಳಿವು. ಹೆಸರು ನೋಡಿ ಮನುಷ್ಯನನ್ನು ಅಳೆಯಲು ಹೋದರೆ ಈ ಸೀಮೆಯಲ್ಲಿ ಎಡವುವುದು ಖಾತ್ರಿ. ಯಾರಿಗೆ ಹುಟ್ಟಿದರು, ಯಾರ ಕೈಯಲ್ಲಿ ಬೆಳೆದರು, ಕಾಗದದಲ್ಲಿ ಏನಿದೆ ಎಂಬ ಮೂರನ್ನೂ ಬೇರೆಬೇರೆ ಬರೆದಿಡುವ ಪುಸ್ತಕವೇ ಮನೆತನದ ವಹಿ.

ಬೇಕಾಗುವ ಸಾಮಾನು ಕಡಿಮೆ. 200 ಪುಟದ ಒಂದು ಉದ್ದನೆಯ ವಹಿ, ಪೆನ್ಸಿಲ್, ದನಿ ರೆಕಾರ್ಡ್ ಆಗುವ ಮೊಬೈಲ್ ಸಾಕು. ಒಬ್ಬರಿಗೆ ಒಂದು ಪುಟ. ಪುಟದಲ್ಲಿ ಮೂರು ಕಾಲಂ: ಕೇಳಿದ್ದು, ಕಾಗದದಲ್ಲಿ ಕಂಡದ್ದು, ಹೇಳಿದವರು ಯಾರು. ಮೂರನೆಯದನ್ನು ಬಿಟ್ಟರೆ ಒಂದು ವರ್ಷದಲ್ಲಿ ಯಾವ ಮಾತು ಯಾರದೆಂದು ಗೊತ್ತಾಗದೆ ವಹಿ ಗೋಜಲಾಗುತ್ತದೆ.

ನಂಬರ್ ಹಾಕುವ ಕ್ರಮ ಹೀಗೆ. ನೀವು 1, ತಂದೆ 2, ತಾಯಿ 3. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ತಂದೆಯ ತಾಯಿ 5, ತಾಯಿಯ ತಾಯಿ 7. ಈ ಲೆಕ್ಕದ ದೊಡ್ಡ ಉಪಯೋಗವೆಂದರೆ ಹೆಣ್ಣುಮಕ್ಕಳ ಪುಟ ಖಾಲಿ ಬಿದ್ದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಸಾಮಾನ್ಯ ವಂಶಾವಳಿಯಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಗಂಡಸರ ಸಾಲಷ್ಟೇ ಇರುತ್ತದೆ. ಹಳೆಯ ವಾರಸಾ ದಾಖಲೆಗಳಲ್ಲಂತೂ ಹೆಣ್ಣುಮಕ್ಕಳ ಹೆಸರು ಹುಡುಕಿದರೂ ಸಿಗುವುದು ಕಷ್ಟ.

ನಮ್ಮ ಕಡೆ ಸೋದರಮಾವನಿಗೆ ಕೊಡುವ ರೂಢಿ ಇದೆಯಲ್ಲ, ಲೆಕ್ಕ ತಪ್ಪುವುದು ಅಲ್ಲಿಯೇ. ನಿಮ್ಮ ತಾಯಿ ತನ್ನ ಖಾಸಾ ಸೋದರಮಾವನನ್ನು ಮದುವೆಯಾಗಿದ್ದರೆ, ತಂದೆಯ ತಂದೆತಾಯಿಗಳಾದ 4 ಮತ್ತು 5 ತಾಯಿಯ ಕಡೆಯಿಂದ 14 ಮತ್ತು 15 ಆಗಿಯೂ ಬರುತ್ತಾರೆ. ಗಾಬರಿ ಬೇಡ. ಚಿಕ್ಕ ನಂಬರಿನ ಪುಟದಲ್ಲಿ ಬರೆದು, ದೊಡ್ಡ ನಂಬರಿನಲ್ಲಿ ‘4 ನೋಡಿ’ ಎಂದಷ್ಟೇ ಹಾಕಿ. ದತ್ತು ಹೋದವರಿಗೂ ಮನೆಅಳಿಯನಾಗಿ ನಿಂತವರಿಗೂ ಎರಡು ಗೆರೆ ಎಳೆಯಿರಿ: ಹುಟ್ಟಿದ ಮನೆಗೆ ಗಟ್ಟಿ ಗೆರೆ, ಬೆಳೆದ ಅಥವಾ ನೆಲೆನಿಂತ ಮನೆಗೆ ಚುಕ್ಕಿ ಗೆರೆ. ಹನ್ನೆರಡು ವರ್ಷದವರೆಗೆ ಉಣ್ಣಿಸಿ ಮಲಗಿಸಿದವರು ಯಾರು ಎಂದು ಕೇಳಿದರೆ ಚುಕ್ಕಿ ಗೆರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ. ಎಷ್ಟೋ ಜನರ ಮಾತು, ಊಟ, ದೇವರು ಎಲ್ಲ ಬಂದದ್ದು ಆ ಚುಕ್ಕಿ ಗೆರೆಯಿಂದ.

ಹಿರಿಯರ ಹತ್ತಿರ ಇಸವಿ ಕೇಳಬೇಡಿ, ಸಿಗುವುದಿಲ್ಲ. ‘ಮುತ್ಯಾ, ರಜಾಕಾರರ ಗಲಾಟಿ ಆದಾಗ ನಿಮ್ಮ ಲಗ್ನ ಆಗಿತ್ತೇನ್ರಿ?’ ಎಂದು ಕೇಳಿ (ರಜಾಕಾರರು ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರು). ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ 1948ರ ಪೊಲೀಸ್ ಆಕ್ಷನ್, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು, 1972ರ ಬರ, ಈ ಮೂರು ಗೂಟಗಳಿಗೆ ಕಟ್ಟಿದರೆ ಹೆಚ್ಚಿನ ಘಟನೆಗಳು ಸಾಲಿಗೆ ಬರುತ್ತವೆ. ಶಾಲೆಯ ಟಿ.ಸಿ.ಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಸಾಲಿಗೆ ಸೇರಿಸುವಾಗ ಮಾಸ್ತರರು ಅಂದಾಜಿಗೆ ಹಾಕಿದ್ದಿರಬಹುದು. ಕಾಗದದ ಕಾಲಂನಲ್ಲಿ ಬರೆಯಿರಿ, ನಂಬಬೇಡಿ.

ಮುಂದಿನ ಪ್ರಶ್ನೆ ಭಾಷೆಯದು. ‘ನಿಮ್ಮ ಮಾತೃಭಾಷೆ ಯಾವುದು’ ಎಂದು ಕೇಳಿದರೆ ಜನಗಣತಿಯ ಉತ್ತರ ಬರುತ್ತದೆ, ಮುಂದೆ ಮಾತು ಬೆಳೆಯುವುದಿಲ್ಲ. ಬೈಯುವುದು ಯಾವುದರಲ್ಲಿ, ಸಂತೆಯಲ್ಲಿ ಎಣಿಸುವುದು ಯಾವುದರಲ್ಲಿ, ದೇವರ ಮುಂದೆ ಯಾವುದರಲ್ಲಿ, ಸಾಲಿ ಕಲಿತದ್ದು ಯಾವುದರಲ್ಲಿ ಎಂದು ಬಿಡಿಸಿ ಕೇಳಿ. ಬೀದರ್ ಕಡೆಯ ಮುತ್ಯಾ ಮನೆಯಲ್ಲಿ ಕನ್ನಡ ಆಡಿ, ಸಾಲಿಯಲ್ಲಿ ಉರ್ದು ಓದಿ, ಲೆಕ್ಕವನ್ನು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಓಟದ ಬರಹದಲ್ಲಿ, ಬರೆದಿರಬಹುದು. ಲಂಬಾಣಿ ತಾಂಡಾದ ಮನೆಯಾದರೆ ರಾಠೋಡ, ಪವಾರ, ಚವ್ಹಾಣ, ಜಾಧವ ಎಂಬಲ್ಲಿಗೇ ನಿಲ್ಲಿಸದೆ ಅದರೊಳಗಿನ ಕುಳಿಯನ್ನೂ, ಅಂದರೆ ಒಳಬೆಡಗನ್ನೂ, ಕೇಳಿ. ಲಗ್ನಕ್ಕೆ ಅವರು ನೋಡುವುದು ಅದನ್ನೇ. ಎಳ್ಳಮಾಸಿಗೆ ಚರಗ ಚೆಲ್ಲುವಾಗ ಕೂಗುವ ಮಾತು, ಭಜ್ಜಿಗೆ ಹಾಕುವ ಕಾಳು, ಮೊಹರಂ ಅಲಾಯಿಗೆ ಮನೆಯಿಂದ ಹೋಗುವ ಎಡೆ ಇವನ್ನೂ ಬರೆಯಿರಿ. ಇಲ್ಲಿ ‘ಏನು’ ಎಂಬುದಕ್ಕಿಂತ ‘ಯಾರಿಂದ ಕಲಿತಿರಿ’ ಎಂಬುದು ಮುಖ್ಯ. ಉತ್ತರ ಬಹಳ ಸಲ ‘ನಮ್ಮ ಅತ್ತಿ’ ಎಂದೇ ಇರುತ್ತದೆ.

ಹಳೆಯ ಕಾಗದ ಪೆಟ್ಟಿಗೆಯಿಂದ ತೆಗೆದಾಗ ಒಂದು ಖರೀದಿ ಪತ್ರ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೇಲೆ ನಿಜಾಮ್ ಸರ್ಕಾರದ ಸ್ಟಾಂಪು, ನಡುವೆ ಉರ್ದು, ಕೆಳಗೆ ಒಂದು ಸಹಿ ಕನ್ನಡದಲ್ಲಿ, ಇನ್ನೊಂದು ಮೋಡಿಯಲ್ಲಿ, ಪಕ್ಕಕ್ಕೆ ಹೆಬ್ಬೆಟ್ಟು. ಮಡಿಕೆಯನ್ನು ಎಳೆದು ಬಿಡಿಸಬೇಡಿ, ಲ್ಯಾಮಿನೇಶನ್ ಮಾಡಿಸಲೇಬೇಡಿ. ಬಿಸಿಗೆ ಶಾಯಿ, ಕಾಗದ ಎರಡೂ ಕೆಡುತ್ತವೆ, ಮತ್ತೆ ಬಿಚ್ಚಲಾಗದು. ನೆರಳಿನ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಹಿಂಬದಿಯನ್ನೂ ಸೇರಿಸಿ ಫೋಟೋ ತೆಗೆಯಿರಿ. ಅಚ್ಚಿನ ಉರ್ದು ಸರಾಗ ಓದುವವರಿಗೂ ಇದು ಓದಲು ಬರದಿರಬಹುದು. ಬರೆದದ್ದು ಶಿಕಸ್ತಾ, ಅಂದರೆ ಅಕ್ಷರ ಮುರಿದು ಓಡಿಸಿದ ಕೈಬರಹ. ಹಳೆಯ ದಸ್ತಾವೇಜು ನೋಡಿ ಅಭ್ಯಾಸವಿರುವವರ ಹತ್ತಿರವೇ ಹೋಗಿ.

ತಾರೀಖು ಓದುವಾಗ ಹುಷಾರು. ಹೈದರಾಬಾದ್ ಸಂಸ್ಥಾನದ ಕಚೇರಿ ಕಾಗದದಲ್ಲಿ ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ ಇರುತ್ತದೆ. ಅದು ಅಕ್ಟೋಬರ್ ಮೊದಲಲ್ಲಿ ಹೊರಳುವುದರಿಂದ ಡಿಸೆಂಬರ್‌ವರೆಗೆ 590, ಆಮೇಲಿನ ತಿಂಗಳಿಗೆ 591 ಕೂಡಿಸಿದರೆ ಇಸವಿ ಸಿಗುತ್ತದೆ. ಜಾಗೀರು ರದ್ದಾದ 1949ರ ಆಗಸ್ಟ್ ಫಸಲಿಯಲ್ಲಿ 1358. ಅದನ್ನೇ ಮುಸ್ಲಿಮರ ಹಿಜರಿ ವರ್ಷ ಎಂದು ತಿಳಿದರೆ 1939 ಬರುತ್ತದೆ, ಹತ್ತು ವರ್ಷದ ಎಡವಟ್ಟು. ಆಜೂರ್, ದೈ, ಬಹಮನ್ ಎಂಬ ತಿಂಗಳ ಹೆಸರಿದ್ದರೆ ಫಸಲಿ; ಮೊಹರಂ, ಸಫರ್, ರಜಬ್ ಇದ್ದರೆ ಹಿಜರಿ.

ಊರು ಹುಡುಕುವಾಗಲೂ ಇಂಥದೇ ತೊಡಕು. ಕಾಗದದಲ್ಲಿ ‘ಕೊಡಂಗಲ್, ಜಿಲ್ಲಾ ಗುಲ್ಬರ್ಗಾ’ ಎಂದಿದ್ದರೆ ಆ ಊರು ಈಗ ತೆಲಂಗಾಣದಲ್ಲಿದೆ; ‘ಉದಗೀರ್, ಜಿಲ್ಲಾ ಬೀದರ್’ ಎಂದಿದ್ದರೆ ಮಹಾರಾಷ್ಟ್ರದಲ್ಲಿ. ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರ, ಶಹಾಪುರದವರ ಕಾಗದದಲ್ಲಿ 2009ರ ಕೊನೆವರೆಗೂ ಗುಲ್ಬರ್ಗಾ ಜಿಲ್ಲೆಯೇ. ಪಹಣಿ, ವಾರಸಾ ನಕಲಿಗೆ ತಹಶೀಲ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಹಳೆಯ ಸರ್ವೆ ನಂಬರ್ ಗೊತ್ತಿಲ್ಲದೆ ಹೋದರೆ ಬರಿಗೈಲಿ ಬರುತ್ತೀರಿ. ನಿಜಾಮ್ ಕಾಲದ ದೊಡ್ಡ ದಫ್ತರ ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿದೆ. ನಿಮ್ಮ ಮನೆಗೆ ವಂಶಾವಳಿ ಓದಿ ಹೇಳುವ ಹೆಳವರು ಬರುತ್ತಾರಾದರೆ ಅವರು ಓದುವುದನ್ನು ಪೂರ್ತಿ ರೆಕಾರ್ಡ್ ಮಾಡಿ, ದಾನ ಕೊಟ್ಟ ಮೇಲೆ ಹೊಗಳಿಕೆಯನ್ನು ಸೋಸಿ ಹೆಸರಷ್ಟೇ ವಹಿಗೆ ಇಳಿಸಿ. ಉಗುಳು ಕಳಿಸಿ ಡಿಎನ್ಎ ಪರೀಕ್ಷೆ ಮಾಡಿಸುವವರೂ ಈಗ ಇದ್ದಾರೆ. ಕಂಪನಿಯ ಹತ್ತಿರ ಇರುವ ಮಾದರಿಗಳಿಗೆ ಹೋಲಿಸಿದ ಅಂದಾಜು ಅದು. ನಿಮ್ಮ ಊರೂ ಮನೆದೇವರೂ ಅದರಲ್ಲಿ ಸಿಗುವುದಿಲ್ಲ.

1948ರ ವಿಷಯ ಮೊದಲ ದಿನವೇ ಎತ್ತಬೇಡಿ. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರಿಂದ ಹತ್ಯಾಕಾಂಡ ನಡೆಯಿತು; ಸೆಪ್ಟೆಂಬರಿನ ಪೊಲೀಸ್ ಆಕ್ಷನ್ ನಂತರ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು. ಇದನ್ನು ನೋಡಿಬರಲು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ನೊಂದವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡೂ ಇದ್ದವು. ಮನೆಯೊಂದು ಊರು ಬಿಟ್ಟದ್ದು, ಹೆಸರು ಬದಲಿಸಿದ್ದು, ಒಂದು ಭಾಷೆಯನ್ನು ಮಕ್ಕಳಿಗೆ ಕಲಿಸದೆ ಬಿಟ್ಟದ್ದು ಈ ತಿಂಗಳುಗಳ ಹೆದರಿಕೆಯಿಂದ ಇರಬಹುದು. ಒಬ್ಬರನ್ನೇ ಕೂರಿಸಿ ಕೇಳಿ, ಬೇಡವೆಂದರೆ ಮೊಬೈಲ್ ಬಂದ್ ಮಾಡಿ, ಕೊಂದವರ ಹೆಸರು ಹೇಳಿದರೂ ವಹಿಗೆ ಹಾಕಬೇಡಿ. ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿರುತ್ತಾರೆ.

ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸಿ. ತಪ್ಪಿದ್ದರೆ ಅಳಿಸದೆ ಪಕ್ಕದಲ್ಲಿ ತಿದ್ದಿ. ಆಮೇಲೆ ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ತಾಯಿಯ ತವರಿಗೆ ಕೊಡಿ, 6 ಮತ್ತು 7ರ ಖಾಲಿ ಜಾಗ ತುಂಬುವವರು ಅಲ್ಲಿದ್ದಾರೆ. ಸರ್ವೆ ನಂಬರ್ ಇರುವ ಪುಟಗಳನ್ನು ಮಾತ್ರ ಅಣ್ಣತಮ್ಮರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಹಾಕಿದರೆ ವಂಶಾವಳಿ ಬಿಟ್ಟು ಪಾಲಿನ ಮಾತು ಶುರುವಾಗುತ್ತದೆ.