ಮುಧೋಳ ನಾಯಿಗೆ ತರಬೇತಿ: ಮೊದಲು ‘ಬಾ’, ಉಳಿದದ್ದೆಲ್ಲ ಆಮೇಲೆ

ಮರಿ ಮನೆಗೆ ಬಂದ ವಾರದಲ್ಲೇ ಎಲ್ಲರೂ ಕೂಡಿ ಅದಕ್ಕೆ ‘ಶೇಕ್‌ಹ್ಯಾಂಡ್’ ಕಲಿಸಲು ಶುರು ಮಾಡುತ್ತಾರೆ. ಬಂದವರಿಗೆ ತೋರಿಸಲು ಚೆಂದ, ಅಷ್ಟೇ. ಮುಧೋಳ ನಾಯಿ ಸಾಕುವವರಿಗೆ ನಿಜಕ್ಕೂ ಬೇಕಾದದ್ದು ಬೇರೆ: ಗೇಟು ತೆರೆದಿರುವಾಗ ಎದುರಿಗೆ ಬೆಕ್ಕು ಓಡಿದರೂ, ಕರೆದ ಕೂಡಲೇ ನಾಯಿ ತಿರುಗಿ ಬರಬೇಕು. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿ ಇದು. ಓಟ ಹತ್ತಿದ ಮೇಲೆ ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಇಲ್ಲಿನ ಕಸರತ್ತೆಲ್ಲ ಓಟಕ್ಕೆ ಮುಂಚಿನ ಒಂದೆರಡು ಸೆಕೆಂಡಿಗಾಗಿ. ಲ್ಯಾಬ್ರಡಾರ್ ಇರಲಿ, ಬೀದಿಯಿಂದ ತಂದ ಮರಿ ಇರಲಿ, ಕ್ರಮ ಇದೇ.

‘ಮುಧೋಳಕ್ಕೆ ಬುದ್ಧಿ ಹತ್ತಂಗಿಲ್ಲ, ಓಡೋದೊಂದೇ ಗೊತ್ತು’ ಎನ್ನುವವರು ಬಾಗಲಕೋಟೆ ಜಿಲ್ಲೆಯಲ್ಲೇ ಇದ್ದಾರೆ. 2016ರಲ್ಲಿ ಸೇನೆಯವರು ಇದೇ ತಳಿಯ ಮರಿಗಳನ್ನು ಮೀರತ್‌ನ ತಮ್ಮ ತರಬೇತಿ ಕೇಂದ್ರಕ್ಕೆ ಒಯ್ದರು. ಬುದ್ಧಿಗೇನೂ ಕೊರತೆಯಿಲ್ಲ. ಆದರೆ ಸೂಕ್ಷ್ಮ ಸ್ವಭಾವದ ನಾಯಿ. ಗದರಿದರೆ, ಬಡಿದರೆ ಕಿವಿ ಹಿಂದಕ್ಕೆ ಮಾಡಿ, ಮುಖ ಆಚೆ ತಿರುಗಿಸಿ, ತುಟಿ ನೆಕ್ಕುತ್ತ ನಿಂತುಬಿಡುತ್ತದೆ. ನೋಡಿದವರು ಮೊಂಡುತನ ಅಂದುಕೊಳ್ಳುತ್ತಾರೆ. ಅದು ಹೆದರಿಕೆ, ಹೆದರಿದ ನಾಯಿ ಏನನ್ನೂ ಕಲಿಯುವುದಿಲ್ಲ.

ಸಾಮಾನು

ಮುಧೋಳದ ತಲೆ ಸಪೂರ, ಕುತ್ತಿಗೆ ಉದ್ದ. ಸಾದಾ ಪಟ್ಟಾ ಹಾಕಿದರೆ ಹಿಂದಕ್ಕೆ ಸರಿದು ತಲೆ ಕಿತ್ತುಕೊಂಡು ಹೋಗುತ್ತದೆ. ಎಳೆದಾಗ ತುಸು ಬಿಗಿದು, ಬಿಟ್ಟಾಗ ಸಡಿಲಾಗುವ ಅಗಲ ಬಟ್ಟೆಯ ಪಟ್ಟಾ ಬೇಕು. ಅಂಗಡಿಯಲ್ಲಿ ‘ಮಾರ್ಟಿಂಗೇಲ್ ಕಾಲರ್’ ಎಂದು ಕೇಳಿ. ಸಡಿಲಿದ್ದಾಗ ಎರಡು ಬೆರಳು ಒಳಗೆ ಹೋಗಬೇಕು, ಪೂರ್ತಿ ಬಿಗಿದಾಗಲೂ ಉಸಿರು ಕಟ್ಟಬಾರದು, ಕಿವಿ ದಾಟಿ ಹೊರಗೂ ಬರಬಾರದು. ಪಟ್ಟಾಕ್ಕೆ ನಿಮ್ಮ ಫೋನ್ ನಂಬರಿನ ಬಿಲ್ಲೆ ಇರಲಿ.

ತಿರುಗಾಟಕ್ಕೆ 6 ಅಡಿಯ ಬೆಲ್ಟ್ ಸಾಕು. ‘ಬಾ’ ಕಲಿಸಲು ಮಾತ್ರ 10 ಮೀಟರಿನ ನೂಲಿನ ಹಗ್ಗ ಬೇಕು. ಎತ್ತಿನ ಹಗ್ಗ ಮಾರುವ ಅಂಗಡಿಯಲ್ಲಿ, ಕಿರುಬೆರಳಿಗಿಂತ ತೆಳ್ಳಗಿನದು ಸಿಗುತ್ತದೆ. ನೈಲಾನ್ ಬೇಡ, ನಾಯಿ ಹಾರಿದಾಗ ಅಂಗೈ ಚರ್ಮ ಸುಲಿಯುತ್ತದೆ. ಈ ಉದ್ದ ಹಗ್ಗವನ್ನು ಎಂದೂ ಕೊರಳ ಪಟ್ಟಾಕ್ಕೆ ಕಟ್ಟಬೇಡಿ. ಹತ್ತು ಮೀಟರ್ ಓಡಿ ಹಗ್ಗ ಮುಗಿದಾಗ ಬೀಳುವ ಜಗ್ಗು ನೇರ ಕುತ್ತಿಗೆಗೇ. ಎದೆ ಬಳಸಿ ಬರುವ ಹಾರ್ನೆಸ್‌ನ ಬೆನ್ನಿನ ಕೊಂಡಿಗೆ ಕಟ್ಟಿ. ಹಗ್ಗದುದ್ದಕ್ಕೂ ಎರಡೆರಡು ಮೀಟರಿಗೆ ಒಂದು ಗಂಟು ಹಾಕಿದರೆ ಕಾಲಿಟ್ಟು ನಿಲ್ಲಿಸಲು ಹಿಡಿತ ಸಿಗುತ್ತದೆ. ಕೈಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ.

ಮನೆಯೊಳಗಿನ ಪಾಠಕ್ಕೆ ರೊಟ್ಟಿ ಚೂರು ನಡೆಯುತ್ತದೆ. ಹೊರಗೆ ಹೋದರೆ ಮೇಕೆಮರಿಯ ಮುಂದೆ ರೊಟ್ಟಿಗೆ ಕಿಮ್ಮತ್ತಿಲ್ಲ, ಆಗ ಉಪ್ಪು-ಖಾರವಿಲ್ಲದೆ ಬೇಯಿಸಿದ ಕೋಳಿ ಕಲೇಜಿ, ಮೊಟ್ಟೆ, ಪನೀರ್ ಬೇಕು. ಚೂರು ತೊಗರಿಕಾಳಿನಷ್ಟಿದ್ದರೆ ಸಾಕು. ಎಷ್ಟು ಕೊಟ್ಟಿರೋ ಅಷ್ಟನ್ನು ರಾತ್ರಿಯ ಊಟದಲ್ಲಿ ಕಳೆಯಿರಿ.

ವಿಜಯಪುರದ ಕಡೆಯವರಿಗೆ ಒಂದು ಎಚ್ಚರಿಕೆ. ಮನೆಯಲ್ಲಿ ಡಬ್ಬಿಗಟ್ಟಲೆ ಇರುತ್ತದೆಂದು ಒಣದ್ರಾಕ್ಷಿಯನ್ನು ನಾಯಿಗೆ ಕೊಡಬೇಡಿ. ಹಸಿ ದ್ರಾಕ್ಷಿಯೂ ಬೇಡ. ನಾಲ್ಕಾರು ಕಾಳಿಗೂ ಕೆಲವು ನಾಯಿಗಳ ಮೂತ್ರಪಿಂಡ ಕೆಡುತ್ತದೆ. ಎಷ್ಟು ತಿಂದರೆ ಅಪಾಯ ಎಂಬುದಕ್ಕೆ ನಂಬುವಂಥ ಲೆಕ್ಕವಿಲ್ಲ, ಆದ್ದರಿಂದ ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರ ಹತ್ತಿರ ಒಯ್ಯಬೇಕು. ಒಣಹಣ್ಣು ಹಾಕಿದ ಕರದಂಟು, ಚಾಕೊಲೇಟ್, ಉಳ್ಳಾಗಡ್ಡಿ-ಬಳ್ಳೊಳ್ಳಿ ಬಿದ್ದ ಸಾರಿನ ರೊಟ್ಟಿ ಇವೂ ಬೇಡ.

ಮಾತು ಮತ್ತು ಹೊತ್ತು

ಬೆಳಗಾವಿಯ ಮನೆಗಳಲ್ಲಿ ಇದು ದಿನವೂ ನಡೆಯುವುದು: ಅಜ್ಜಿ ‘ಕುಂಡ್ರು’ ಅನ್ನುತ್ತಾರೆ, ಪಕ್ಕದ ಮನೆಯವರು ಮರಾಠಿಯಲ್ಲಿ ‘ಬಸ್’ ಅನ್ನುತ್ತಾರೆ, ಮಕ್ಕಳು ‘ಸಿಟ್’. ನಾಯಿ ಮೂವರ ಮುಖವನ್ನೂ ನೋಡಿ ಸುಮ್ಮನಾಗುತ್ತದೆ. ಭಾಷೆ ಯಾವುದಾದರೂ ಆಗಲಿ, ಒಂದು ಕೆಲಸಕ್ಕೆ ಒಂದೇ ಮಾತು. ಬಾ, ನಿಂದ್ರು, ಕುಂಡ್ರು, ಜಾಗಾ, ಬಿಡು: ಈ ಐದನ್ನು ಹಾಳೆಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿ. ‘ಬ್ಯಾಡ’ ಎಂಬುದನ್ನು ಆಜ್ಞೆಯಾಗಿ ಬಳಸಬೇಡಿ, ದೂರದಿಂದ ಕೂಗಿದರೆ ‘ಬಾ’ ಎಂದೇ ಕೇಳಿಸುತ್ತದೆ. ಸರಿ ಮಾಡಿದ ಕ್ಷಣಕ್ಕೆ ಹೇಳಲು ಇನ್ನೊಂದು ಮಾತು ಬೇಕು, ‘ಶಭಾಷ್’ ಆದೀತು. ಅದನ್ನು ಹೇಳಿದ ಮೇಲೆ ತಿನಿಸು ಬರಲೇಬೇಕು, ಒಂದು ಸೆಕೆಂಡಿನೊಳಗೆ.

ಪಾಠ 3ರಿಂದ 5 ನಿಮಿಷ, ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ. ಎಂಟು ವಾರದ ಮರಿಗೂ ಮನೆಯೊಳಗೆ ಶುರು ಮಾಡಬಹುದು, ಬೀದಿಗೆ ಇಳಿಸುವುದು ಮಾತ್ರ ಲಸಿಕೆಗಳು ಮುಗಿದ ಮೇಲೆ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೊರಗಿನ ಪಾಠ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಸಂಜೆಯಾದರೂ ಡಾಂಬರು ಬೇಗ ಆರುವುದಿಲ್ಲ. ಅಂಗೈ ಹಿಂಭಾಗ ಇಟ್ಟು ಏಳು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

‘ಬಾ’

ಪಡಸಾಲೆಯಲ್ಲಿ ಶುರು ಮಾಡಿ. ಇಬ್ಬರು ಎರಡು-ಮೂರು ಮೀಟರ್ ಅಂತರದಲ್ಲಿ ಎದುರುಬದುರು ಕೂಡಬೇಕು. ಒಬ್ಬರು ಹೆಸರು ಹಿಡಿದು ಕರೆದು, ನಾಯಿ ತಿರುಗಿ ನೋಡಿದ ಕೂಡಲೇ ‘ಬಾ’ ಎನ್ನಬೇಕು, ಒಂದೇ ಸಲ, ಖುಷಿಯ ದನಿಯಲ್ಲಿ. ಬಂದು ತಾಗಿದಾಗ ‘ಶಭಾಷ್’. ತಿನಿಸನ್ನು ನಿಮ್ಮ ಮೊಣಕಾಲಿಗೆ ತಾಗಿಸಿ ಕೊಡಿ. ಕೈ ಚಾಚಿ ಕೊಟ್ಟರೆ ಮಾರು ದೂರದಲ್ಲೇ ನಿಂತು, ಕಸಿದುಕೊಂಡು ಓಡುವುದನ್ನು ಕಲಿಯುತ್ತದೆ. ಅದು ತಿನ್ನುತ್ತಿರುವಾಗಲೇ ಇನ್ನೊಂದು ಕೈಯಿಂದ ಪಟ್ಟಾವನ್ನು ಮೆಲ್ಲಗೆ ಹಿಡಿದು, ಎರಡು ಎಣಿಸಿ ಬಿಟ್ಟುಬಿಡಿ. ಈ ಹಿಡಿಯುವ-ಬಿಡುವ ಅಭ್ಯಾಸ ತಪ್ಪಿಸಿದರೆ, ಹತ್ತಿರ ಬಂದ ನಾಯಿ ಕೈ ಕಂಡ ಕೂಡಲೇ ಪಕ್ಕಕ್ಕೆ ಜಾರುತ್ತದೆ.

ತಿನಿಸು ಕಿಸೆಯಲ್ಲೇ ಇರಲಿ. ಮೊದಲೇ ತೋರಿಸಿ ಕರೆದರೆ ಕೈ ಖಾಲಿಯಿದ್ದ ದಿನ ನಾಯಿ ಬರುವುದಿಲ್ಲ.

ಹತ್ತು ಸಲ ಕರೆದಾಗ ಒಂಬತ್ತು ಸಲ ತಡವಿಲ್ಲದೆ ಬಂದರೆ ಮುಂದಕ್ಕೆ ಹೋಗಿ: ಅಂಗಳಕ್ಕೆ, ಇಲ್ಲವೆ ಎತ್ತರದ ಗೋಡೆಯಿರುವ ಮಾಳಿಗೆಗೆ. ಅಂತರ ಐದಾರು ಮೀಟರ್. ಅದೂ ಪಕ್ಕಾ ಆದ ಮೇಲೆ ಹಾರ್ನೆಸ್, ಉದ್ದ ಹಗ್ಗ, ಬಯಲು. ಬಾಗಲಕೋಟೆ ನವನಗರದ ಖಾಲಿ ನಿವೇಶನಗಳು ಬೆಳಗಿನ ಹೊತ್ತು ಇದಕ್ಕೆ ಹೇಳಿ ಮಾಡಿಸಿದಂತಿವೆ. ಎರೆ ಹೊಲವಾದರೆ ಬಿರುಕು ಬಿಟ್ಟ ಜಾಗ ಬಿಡಿ, ಓಡುವ ನಾಯಿಯ ಕಾಲು ಬಿರುಕಿಗೆ ಸಿಕ್ಕರೆ ಮುರಿಯಬಹುದು.

ಬಯಲಲ್ಲಿ ನೋಡಬೇಕಾದದ್ದು ನಾಯಿಯ ಮೈಯನ್ನು. ದೂರದಲ್ಲಿ ಏನೋ ಅಲುಗಿತು ಅನ್ನಿ. ಮೊದಲು ಕಿವಿ ನಿಮಿರುತ್ತವೆ. ಕತ್ತು ಉದ್ದವಾಗಿ ಬಾಯಿ ಮುಚ್ಚಿಕೊಳ್ಳುತ್ತದೆ, ತೇಕುತ್ತಿದ್ದ ನಾಲಗೆ ಒಳಗೆ ಹೋಗುತ್ತದೆ. ಬಾಲ ಬಿಗಿಯುತ್ತದೆ, ಕೆಲವು ನಾಯಿಗಳು ಮುಂಗಾಲೊಂದನ್ನು ಎತ್ತುತ್ತವೆ. ಕರೆಯುವ ಹೊತ್ತು ಇದು. ಬಾಯಿ ಮುಚ್ಚಿದ್ದು ಕಂಡಾಗಲೇ ‘ಬಾ’ ಎನ್ನಬೇಕು. ಹಿಂಗಾಲು ತಗ್ಗಿತೆಂದರೆ ತಡವಾಯಿತು, ಇನ್ನು ಕರೆಯಬೇಡಿ, ಗಂಟಿನ ಮೇಲೆ ಕಾಲಿಡಿ. ಬಾರದ ಹೊತ್ತಲ್ಲಿ ಕೂಗಿದ ಪ್ರತಿ ‘ಬಾ’ಕ್ಕೂ ಆ ಮಾತಿನ ಬೆಲೆ ಇಳಿಯುತ್ತದೆ.

ಮೇಕೆ, ಹಂದಿ, ಕೋಳಿ ಇರುವಲ್ಲಿ ಮೊದಲ ದಿನವೇ ಹತ್ತಿರ ಒಯ್ಯಬೇಡಿ. ಮೇಕೆ ಕಂಡೂ ನಿಮ್ಮ ಕೈಯಿಂದ ತಿನ್ನುವಷ್ಟು ದೂರದಲ್ಲಿ ನಿಲ್ಲಿ, ಅದು ನೂರು ಮೀಟರಾದರೂ ಸರಿ. ಕಲೇಜಿ ಚೂರನ್ನೂ ಮೂಸದೆ ಮೇಕೆಯನ್ನೇ ನೋಡುತ್ತಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ. ಹಿಂದಕ್ಕೆ ನಡೆಯಿರಿ.

ಕಲಿತದ್ದು ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಅರ್ಧ ತಾಸು ಸತಾಯಿಸಿ ಕಡೆಗೆ ಬಂದ ನಾಯಿಗೆ ‘ಎಲ್ಲಿ ಹೋಗಿದ್ದೀ ಇಷ್ಟೊತ್ತು?’ ಎಂದು ಒಂದು ಬಿಗಿಯುವುದು ಮೊದಲನೆಯದು. ಓಡಿಹೋದದ್ದಕ್ಕೆ ಏಟು ಬಿತ್ತೆಂದು ನಾಯಿಗೆ ತಿಳಿಯದು, ಬಂದದ್ದಕ್ಕೆ ಬಿತ್ತೆಂದೇ ಅದರ ಲೆಕ್ಕ. ಎರಡನೆಯದು, ಸ್ನಾನಕ್ಕೆ, ಔಷಧಕ್ಕೆ, ಸರಪಳಿ ಬಿಗಿಯಲು ಮಾತ್ರ ಕರೆಯುವುದು. ಹತ್ತು ಸಲ ಕರೆದರೆ ಒಂಬತ್ತು ಸಲ ತಿನಿಸು ಕೊಟ್ಟು ಮತ್ತೆ ಆಡಲು ಬಿಡಿ. ಸ್ನಾನವಿದ್ದರೆ ನೀವೇ ಹೋಗಿ ಹಿಡಿದು ತನ್ನಿ.

ನಿಂದ್ರು, ಕುಂಡ್ರು, ಕೌದಿ

ಉದ್ದ ಕಾಲಿನ, ಮೈಯಲ್ಲಿ ಕೊಬ್ಬಿಲ್ಲದ ಈ ನಾಯಿಗೆ ಬರಿ ಫರಸಿ ಮೇಲೆ ಕೂಡುವುದು ಹಿತವಲ್ಲ, ಚಳಿಗಾಲದಲ್ಲಂತೂ ಒಪ್ಪುವುದೇ ಇಲ್ಲ. ‘ಕುಂಡ್ರು’ ಕಲಿಸುವುದಾದರೆ ಗೋಣಿತಾಟಿನ ಮೇಲೆ ಕಲಿಸಿ: ತಿನಿಸನ್ನು ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ನಿಧಾನ ಒಯ್ದರೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಸೊಂಟ ಒತ್ತಿ ಕೂಡಿಸಬೇಡಿ. ನಮ್ಮ ಎಣಿಕೆಯಲ್ಲಿ ಮುಧೋಳಕ್ಕೆ ‘ನಿಂದ್ರು’ ಇದಕ್ಕಿಂತ ಹೆಚ್ಚು ಉಪಯೋಗದ್ದು. ನಡೆಯುತ್ತ ನೀವು ತಟ್ಟನೆ ನಿಂತು ‘ನಿಂದ್ರು’ ಎನ್ನಿ, ನಾಲ್ಕೂ ಕಾಲು ನಿಂತಾಗ ಶಭಾಷ್. ಒಂದು ಸೆಕೆಂಡಿನಿಂದ ಹತ್ತಕ್ಕೆ ಏರಿಸಿ. ಗೇಟಿನ ಬಳಿ ದಿನಾ ಇದನ್ನೇ ಮಾಡಿ: ನಿಲ್ಲದಿದ್ದರೆ ಗೇಟು ತೆರೆಯುವುದಿಲ್ಲ.

‘ಜಾಗಾ’ಕ್ಕೆ ಹಳೆಯ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿ. ಕಾಲಿಟ್ಟಾಗ ಒಂದು ಚೂರು, ಮಲಗಿದಾಗ ಎರಡು. ತಿನಿಸನ್ನು ಕೌದಿಯ ಮೇಲೆಯೇ ಇಡಿ. ಮನೆಮಂದಿ ನೆಲದ ಮೇಲೆ ಊಟಕ್ಕೆ ಕೂಡುವ ಮನೆಗಳಲ್ಲಿ ಇದಿಲ್ಲದೆ ನಡೆಯದು. ತಾಟಿನಿಂದ ಒಬ್ಬರು ಒಂದೇ ಒಂದು ತುತ್ತು ಎಸೆದರೂ ವಾರದ ಪಾಠ ಹೋಯಿತು. ಸಾಮಾನ್ಯವಾಗಿ ಎಸೆಯುವವರು ಅಜ್ಜ.

ಬೆಲ್ಟ್ ಮತ್ತು ‘ಬಿಡು’

ಜಗ್ಗಿದರೆ ನೀವು ಮರದಂತೆ ನಿಲ್ಲಿ. ಬೆಲ್ಟ್ ಸಡಿಲಾದಾಗ ಮಾತ್ರ ಮುಂದೆ. ಎಡತೊಡೆಯ ಪಕ್ಕ ಬಂದಾಗೆಲ್ಲ ಅಲ್ಲೇ ತಿನಿಸು. ಮೊದಲ ದಿನಗಳಲ್ಲಿ ಹತ್ತು ನಿಮಿಷಕ್ಕೆ ನಾಲ್ಕು ಮನೆ ದಾಟಿದರೆ ಹೆಚ್ಚು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದ ನಾಯಿ ಜಗ್ಗದೆ ಇರದು, ಅದಕ್ಕೆ ಮೊದಲು ಅಂಗಳದಲ್ಲಿ ಹತ್ತು ನಿಮಿಷ ಓಡಲು ಬಿಟ್ಟು ಆಮೇಲೆ ಹೊರಡಿ.

‘ಬಿಡು’ ಎಲುಬಿಗೆ, ಚಪ್ಪಲಿಗೆ, ಹೊಲದಂಚಿನ ಇಲಿಪಾಷಾಣಕ್ಕೆ. ಮುಷ್ಟಿಯಲ್ಲಿ ರೊಟ್ಟಿ ಚೂರು ಹಿಡಿದು ಮೂಗಿನ ಮುಂದೆ ಇಡಿ. ಮೂಸಲಿ, ಕೆರೆಯಲಿ, ಸುಮ್ಮನಿರಿ. ಮುಖ ಹಿಂದೆ ತೆಗೆದಾಗ ‘ಶಭಾಷ್’ ಎಂದು ಇನ್ನೊಂದು ಕೈಯಿಂದ ಕಲೇಜಿ ಕೊಡಿ. ಮುಷ್ಟಿಯ ರೊಟ್ಟಿ ಎಂದೂ ಸಿಗಬಾರದು. ಪಕ್ಕಾ ಆದ ಮೇಲೆ ‘ಬಿಡು’ ಮಾತು ಸೇರಿಸಿ, ನಂತರ ನೆಲದ ಮೇಲಿಟ್ಟು ಅಂಗೈ ಮುಚ್ಚಿ ಅಭ್ಯಾಸ ಮಾಡಿ. ಬಾಯಲ್ಲಿ ಹಿಡಿದದ್ದನ್ನು ಕಿತ್ತುಕೊಳ್ಳಲು ಹೋದರೆ ನುಂಗಿಬಿಡುತ್ತದೆ, ಅದಲುಬದಲು ಮಾಡಿ.

ಆರನೇ ತಿಂಗಳ ನಂತರ

ಎಲ್ಲ ಕಲಿತ ನಾಯಿ ಆರರಿಂದ ಹದಿನೆಂಟು ತಿಂಗಳ ನಡುವೆ ಒಮ್ಮೆ ಕಿವುಡಾದಂತೆ ಆಡುತ್ತದೆ. ಹರೆಯ ಅದು. ಮತ್ತೆ ಉದ್ದ ಹಗ್ಗಕ್ಕೆ ಬನ್ನಿ, ಮತ್ತೆ ಕಲೇಜಿ. ಹಗ್ಗವಿಲ್ಲದೆ ಬಿಡುವುದಿದ್ದರೆ ಸುತ್ತ ಗೋಡೆ ಅಥವಾ ತಂತಿಬೇಲಿ ಇರುವಲ್ಲಿ ಮಾತ್ರ, ಎಷ್ಟೇ ಕಲಿತಿದ್ದರೂ. ಮೊಲದ ಮೇಲೆ ಬಿಟ್ಟು ‘ಓಟ ನೋಡೋಣ’ ಎನ್ನುವವರ ಮಾತು ಕೇಳಬೇಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಮೇಲಾಗಿ ಒಮ್ಮೆ ಮೊಲ ಹಿಡಿದ ನಾಯಿಗೆ ಕಲೇಜಿ ರುಚಿಸದು.

ಗಣಪತಿ ಮೆರವಣಿಗೆ, ದೀಪಾವಳಿಯ ಪಟಾಕಿ ಇರುವ ದಿನ ಪಾಠ ಬೇಡ, ಕೌದಿಯೊಂದಿಗೆ ಒಳಕೋಣೆಯಲ್ಲಿಡಿ. ಅಷ್ಟಾಗಿಯೂ ತಪ್ಪಿಸಿಕೊಂಡು ಹೋದರೆ ಬೆನ್ನಟ್ಟಬೇಡಿ. ಓಟದಲ್ಲಿ ನೀವು ಗೆಲ್ಲುವುದಿಲ್ಲ, ನಾಯಿಗೆ ಅದು ಆಟವಾಗುತ್ತದೆ. ಅದು ನಿಮ್ಮನ್ನು ನೋಡುವಂತೆ ಹೆಸರು ಹಿಡಿದು ಕರೆದು ವಿರುದ್ಧ ದಿಕ್ಕಿಗೆ ಓಡಿ, ಇಲ್ಲವೆ ಅಡ್ಡ ತಿರುಗಿ ನೆಲಕ್ಕೆ ಕೂಡಿ. ಕಣ್ಮರೆಯಾದರೆ ಕೊನೆಗೆ ಕಂಡ ಜಾಗದಲ್ಲಿ ಅದರ ಕೌದಿ, ನೀರು ಇಟ್ಟು ಒಬ್ಬರು ಅಲ್ಲೇ ಕಾಯಿರಿ, ಉಳಿದವರು ಹುಡುಕಲಿ. ಸಿಕ್ಕಾಗ ಬೈಗುಳವಿಲ್ಲ, ಒಂದು ಹಿಡಿ ತಿನಿಸು. ಮರುದಿನದಿಂದ ಎರಡು ವಾರ ಹಗ್ಗವಿಲ್ಲದೆ ಗೇಟು ದಾಟಿಸಬೇಡಿ.