ಮೊದಲು ಕೆಲಸ, ಆಮೇಲೆ ಯಂತ್ರ: ಎಟಿಇ ಅನುದಾನಕ್ಕೆ ಅರ್ಜಿ ಬರೆಯುವುದು ಹೇಗೆ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ಮಾಡುವ ನಮ್ಮವರು ಸಿಕ್ಕಾಗಲೆಲ್ಲ ಮಾತು ಹೇಗೋ ಇಲ್ಲಿಗೇ ಬಂದು ನಿಲ್ಲುತ್ತದೆ. ‘ಸರ್, ಎಟಿಇಗೆ ಹಾಕಿದ್ವಿ, ಸಿಗಲಿಲ್ಲ. ಎಲ್ಲಿ ಎಡವಿದ್ವಿ ನೋಡ್ತೀರಾ?’ ಅರ್ಜಿ ತೆರೆದರೆ ಮೂರನೇ ಪುಟದೊಳಗೇ ಉತ್ತರ ಸಿಕ್ಕಿಬಿಡುತ್ತದೆ. ಅಲ್ಲೊಂದು ಯಂತ್ರ, ಅದರ ಮಾಡೆಲ್ ನಂಬರ್, ಬೆಲೆ. ಆ ಯಂತ್ರದ ಮುಂದೆ ನಿಲ್ಲುವ ವಿದ್ಯಾರ್ಥಿ ನಾಳೆ ಯಾವ ಕಾರ್ಖಾನೆಯಲ್ಲಿ ಏನು ಮಾಡಬೇಕು ಎಂಬ ಸುದ್ದಿಯೇ ಇರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಎಟಿಇ ಅಂದರೆ ಅಡ್ವಾನ್ಸ್‌ಡ್ ಟೆಕ್ನಾಲಜಿಕಲ್ ಎಜುಕೇಶನ್. 1992ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನಿನ ಫಲವಾಗಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ (ಎನ್‌ಎಸ್‌ಎಫ್) ನಡೆಸುತ್ತಿರುವ ಯೋಜನೆ. ಎರಡು ವರ್ಷದ ಕೋರ್ಸಿನ ಕಾಲೇಜುಗಳೇ ಇದರ ಕೇಂದ್ರ. ನಮ್ಮ ಪಾಲಿಟೆಕ್ನಿಕ್‌ಗಳನ್ನು ನೆನಪಿಸಿಕೊಂಡರೆ ಚಿತ್ರ ಸಿಗುತ್ತದೆ. ಸೆಮಿಕಂಡಕ್ಟರ್, ಜೈವಿಕ ತಂತ್ರಜ್ಞಾನ, ಲೇಸರ್, ಡ್ರೋನ್, ಸೈಬರ್ ಭದ್ರತೆ ಇಂಥ ಕಡೆ ಎಂಜಿನಿಯರ್ ರೂಪಿಸಿದ್ದನ್ನು ನಡೆಸುವ, ಅಳೆಯುವ, ಕೆಟ್ಟರೆ ಸರಿಮಾಡುವ ಟೆಕ್ನಿಷಿಯನ್‌ಗಳನ್ನು ತಯಾರು ಮಾಡಲು ಹಣ ಕೊಡುತ್ತಾರೆ. ಬಡ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡಿಸುವುದೇ ನಿಮ್ಮ ಉದ್ದೇಶವಾದರೆ ಎಸ್-ಸ್ಟೆಮ್ ಎಂಬ ಬೇರೆ ಯೋಜನೆ ಇದೆ, ಅತ್ತ ಹೋಗಿ.

ಹೆಜ್ಜೆ 1: ನೋಂದಣಿ

ನಿಮ್ಮ ಕಾಲೇಜು ಸ್ಯಾಮ್ ಡಾಟ್ ಗವ್‌ನಲ್ಲೂ (ಅಮೆರಿಕ ಸರ್ಕಾರದ ಹಣ ಪಡೆಯುವವರ ನೋಂದಣಿ ತಾಣ) ರಿಸರ್ಚ್ ಡಾಟ್ ಗವ್‌ನಲ್ಲೂ (ಎನ್‌ಎಸ್‌ಎಫ್‌ಗೆ ಅರ್ಜಿ ಕಳಿಸುವ ತಾಣ) ನೋಂದಣಿ ಆಗಿದೆಯೇ, ಅದು ಚಾಲ್ತಿಯಲ್ಲಿದೆಯೇ ಎಂದು ಇವತ್ತೇ ಕೇಳಿ. ಇದು ವಾರಗಟ್ಟಲೆ ಹಿಡಿಯಬಹುದಾದ ಕೆಲಸ.

ಹೆಜ್ಜೆ 2: ಯಾವ ಬಾಗಿಲು?

ಎಟಿಇಗೆ ಹೊಸಬರಾದ ಕಾಲೇಜುಗಳಿಗೆ ಪ್ರತ್ಯೇಕ ಬಾಗಿಲಿದೆ. ಎನ್‌ಎಸ್‌ಎಫ್ ಅರ್ಜಿ ಕರೆದ 2021ರ ಪ್ರಕಟಣೆಯಲ್ಲಿ ಅದರ ಮಿತಿ ಮೂರು ವರ್ಷಕ್ಕೆ 3.5 ಲಕ್ಷ ಡಾಲರ್, ಸಾಮಾನ್ಯ ಪ್ರಾಜೆಕ್ಟ್‌ಗೆ 6.5 ಲಕ್ಷ. ಮಿತಿಗಳು ಬದಲಾಗುತ್ತಿರುತ್ತವೆ, ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿ. ಡೀನ್ ಸಾಹೇಬರು ‘ದೊಡ್ಡದಕ್ಕೇ ಹಾಕೋಣ’ ಎನ್ನುತ್ತಾರೆ. ಒಪ್ಪಬೇಡಿ. ಮೊದಲ ಸಲ ಹಾಕುವವರಿಗೆ ಸಣ್ಣ ಬಾಗಿಲೇ ಸರಿ. ಸೌತ್ ಕೆರೊಲಿನಾದ ಫ್ಲಾರೆನ್ಸ್-ಡಾರ್ಲಿಂಗ್‌ಟನ್ ಟೆಕ್ನಿಕಲ್ ಕಾಲೇಜಿನಿಂದ ನಡೆಯುವ ಮೆಂಟರ್-ಕನೆಕ್ಟ್ ಇಂಥ ಹೊಸಬರ ಕೈಹಿಡಿದು ಬರೆಯಿಸಲೆಂದೇ ಹುಟ್ಟಿದ್ದು. ಅದು ಇರುವಾಗ ‘ಗೆಲ್ಲುವ ಪ್ರಪೋಸಲ್ ಟೆಂಪ್ಲೇಟ್’ ಮಾರುವವರಿಗೆ ದುಡ್ಡು ಸುರಿಯುವುದು ಯಾಕೆ? ಅಂಥ ಒಂದು ಟೆಂಪ್ಲೇಟನ್ನು ನಾನೇ ಒಮ್ಮೆ ಕೊಂಡು ನೋಡಿದ್ದೇನೆ. ಖಾಲಿ ಜಾಗದಲ್ಲಿ ಕಾಲೇಜಿನ ಹೆಸರು ತುಂಬಿಸುವುದು ಬಿಟ್ಟರೆ ಬೇರೇನೂ ಇರಲಿಲ್ಲ.

ಇದೇ ಹಂತದಲ್ಲಿ ನಿಮ್ಮ ವಿಚಾರವನ್ನು ಒಂದೇ ಪುಟದಲ್ಲಿ ಬರೆದು ಎನ್‌ಎಸ್‌ಎಫ್‌ನಲ್ಲಿ ಈ ಯೋಜನೆ ನೋಡಿಕೊಳ್ಳುವ ಪ್ರೋಗ್ರಾಂ ಅಧಿಕಾರಿಗೆ ಇಮೇಲ್ ಮಾಡಿ. ಸಂಕೋಚ ಬೇಡ, ಹೀಗೆ ಕೇಳುವುದು ಅಲ್ಲಿ ವಾಡಿಕೆ.

ಹೆಜ್ಜೆ 3: ಕೆಲಸ ಕೊಡುವವರನ್ನು ಕೂರಿಸಿ ಕೇಳುವುದು

ಅರ್ಜಿಗಳು ಸೋಲುವುದು ಇಲ್ಲಿ. ಆದ್ದರಿಂದ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಬಹುತೇಕ ಕಾಲೇಜುಗಳಲ್ಲಿ ಒಂದು ಸಲಹಾ ಸಮಿತಿ ಇರುತ್ತದೆ. ವರ್ಷಕ್ಕೊಮ್ಮೆ ಊಟಕ್ಕೆ ಕರೆಯುತ್ತಾರೆ, ಕೋರ್ಸ್ ಪಟ್ಟಿ ತೋರಿಸುತ್ತಾರೆ, ಬಂದವರು ತಲೆಯಾಡಿಸಿ ಹೋಗುತ್ತಾರೆ. ಅದನ್ನೇ ‘ಉದ್ಯಮದ ಬೆಂಬಲ’ ಎಂದು ಅರ್ಜಿಯಲ್ಲಿ ಬರೆದರೆ, ಎನ್‌ಎಸ್‌ಎಫ್ ಪರವಾಗಿ ಅರ್ಜಿ ಓದಿ ಶ್ರೇಣಿ ಕೊಡುವ ಪರಿಶೀಲಕರು ಒಂದೇ ಸಾಲಿನಲ್ಲಿ ಹೊಡೆದುಹಾಕುತ್ತಾರೆ. ಟೆಕ್ಸಾಸ್‌ನ ಕಾಲಿನ್ ಕಾಲೇಜಿನವರು ಎಟಿಇ ಹಣದಲ್ಲೇ ಬೆಳೆಸಿದ ‘ಬಿಲ್ಟ್’ (ಬಿಸಿನೆಸ್ ಅಂಡ್ ಇಂಡಸ್ಟ್ರಿ ಲೀಡರ್‌ಶಿಪ್ ಟೀಮ್) ಎಂಬ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಉದ್ಯಮದವರು ಸಲಹೆ ಕೊಟ್ಟು ಎದ್ದುಹೋಗುವುದಿಲ್ಲ. ಮುಂದಿನ ಒಂದರಿಂದ ಮೂರು ವರ್ಷದಲ್ಲಿ ಹೊಸ ಟೆಕ್ನಿಷಿಯನ್‌ಗೆ ಯಾವ ಜ್ಞಾನ, ಯಾವ ಕೌಶಲ ಬೇಕಾಗುತ್ತದೆ ಎಂದು ಒಂದೊಂದಕ್ಕೂ ಓಟು ಹಾಕುತ್ತಾರೆ. ಬೋಧಕರು ಆ ಪಟ್ಟಿ ಹಿಡಿದು ತಮ್ಮ ಕೋರ್ಸುಗಳನ್ನು ತಾಳೆ ನೋಡುತ್ತಾರೆ. ಡಾಕಮ್ ಎಂಬ ಹಳೆಯ ವಿಧಾನವೂ ಇದೆ. ಆ ಕೆಲಸವನ್ನು ದಿನವೂ ಮಾಡುವವರನ್ನೇ ಒಂದೆರಡು ದಿನ ಕೂರಿಸಿ ಕೆಲಸದ ಪಟ್ಟಿ ಮಾಡಿಸುವುದು. ನನ್ನ ಆಯ್ಕೆ ಬಿಲ್ಟ್. ಕಾರ್ಖಾನೆಯವರು ಎರಡು ತಾಸು ಬಿಡುವು ಕೊಡುತ್ತಾರೆ, ಎರಡು ದಿನ ಕೊಡಲಾರರು.

ಯಾರನ್ನು ಕರೆಯಬೇಕು? ಎಚ್‌ಆರ್ ಅಲ್ಲ. ಅವರು ‘ಸಂವಹನ ಕೌಶಲ, ತಂಡದಲ್ಲಿ ದುಡಿಯುವ ಗುಣ’ ಎನ್ನುತ್ತಾರೆ, ನೀವು ಬರೆದುಕೊಳ್ಳುತ್ತೀರಿ, ಅಲ್ಲಿಗೆ ಮುಗಿಯಿತು. ರಾತ್ರಿ ಎರಡು ಗಂಟೆಗೆ ಯಂತ್ರ ನಿಂತರೆ ಯಾರ ಫೋನ್ ಹೊಡೆದುಕೊಳ್ಳುತ್ತದೋ ಆ ಸೂಪರ್‌ವೈಸರ್ ಬೇಕು. ಕೇಳುವ ಪ್ರಶ್ನೆಯೂ ನೇರವಾಗಿರಲಿ: ‘ಹೊಸದಾಗಿ ಸೇರಿದವರು ಮೊದಲ ಆರು ತಿಂಗಳಲ್ಲಿ ಎಲ್ಲಿ ತಡವರಿಸುತ್ತಾರೆ?’

ಒಂದು ಉದಾಹರಣೆ. ಚಿಪ್ ತಯಾರಿಕೆಗೆ ಜನ ಬೇಕು ಎಂದು ಬರೆಯುವವರು ‘ನಿರ್ವಾತ ವ್ಯವಸ್ಥೆಗಳ ಪರಿಚಯ’ ಎಂಬ ಕೋರ್ಸ್ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಸೂಪರ್‌ವೈಸರ್‌ನನ್ನು ಕೇಳಿ, ಅವನು ಹೇಳುವುದೇ ಬೇರೆ. ಪಂಪಿನಿಂದ ಗಾಳಿ ಹೊರತೆಗೆಯುತ್ತಿರುವ ಚೇಂಬರ್‌ನಲ್ಲಿ ಒತ್ತಡ ಸಾಕಷ್ಟು ಇಳಿಯುತ್ತಿಲ್ಲ. ಲೀಕ್ ಇದೆಯೋ, ಒಳಗೋಡೆಯಲ್ಲಿ ತೇವ ಕೂತಿದೆಯೋ? ಪಂಪಿನ ಕಡೆಯ ವಾಲ್ವ್ ಮುಚ್ಚಿ ಗೇಜ್ ನೋಡುತ್ತ ನಿಲ್ಲಬೇಕು. ಒತ್ತಡ ಒಂದೇ ಸಮನೆ ಏರುತ್ತ ಹೋದರೆ ಲೀಕ್. ಮೊದಲು ಏರಿ ಬರುಬರುತ್ತ ಮಂದವಾದರೆ ತೇವ. ಇದು ಗೊತ್ತಿಲ್ಲದ ಹುಡುಗ ಅರ್ಧ ದಿನ ಇಲ್ಲದ ಲೀಕ್ ಹುಡುಕುತ್ತಾನೆ. ‘ನಮ್ಮ ವಿದ್ಯಾರ್ಥಿ ಈ ವ್ಯತ್ಯಾಸವನ್ನು ತಾನೇ ಹೇಳಬಲ್ಲ’ ಎಂದು ನಿಮ್ಮ ಅರ್ಜಿಯಲ್ಲಿ ಬರಲಿ. ಆಗ ಇನ್ನೊಂದೂ ಹೊಳೆಯುತ್ತದೆ. ಇದನ್ನು ಕಲಿಸಲು ಕಾರ್ಖಾನೆಯ ದುಬಾರಿ ಯಂತ್ರ ಬೇಡವೇ ಬೇಡ, ಮೇಜಿನ ಮೇಲೆ ಕೂರುವ ಪಂಪು, ಗೇಜು, ಸಣ್ಣದೊಂದು ಚೇಂಬರ್ ಸಾಕು.

ಓಟು ಮುಗಿದ ಮೇಲೆ ಒಂದು ಕೋಷ್ಟಕ ಮಾಡಿ. ಎಡಕ್ಕೆ ಅವರು ಬೇಕೆಂದ ಕೆಲಸಗಳು, ಮೇಲೆ ನಿಮ್ಮ ಕೋರ್ಸುಗಳು. ಎಲ್ಲಿ ಮನೆ ಖಾಲಿ ಉಳಿಯಿತೋ ಅದೇ ನಿಮ್ಮ ಪ್ರಾಜೆಕ್ಟ್. ಆ ಖಾಲಿ ಮನೆ ತುಂಬಲು ಏನಾದರೂ ಕೊಳ್ಳಬೇಕೇ ಎಂಬ ಯೋಚನೆ ಆಮೇಲಿನದು.

ಇನ್ನು ಕಂಪನಿಗಳ ಪತ್ರ. ಹೇಗಿರಬೇಕೆಂದು ಪ್ರಕಟಣೆಯಲ್ಲಿ ಹೇಳಿರುತ್ತದೆ, ಅದರಾಚೆ ಹೋಗಬೇಡಿ. ನೀವೇ ಒಂದು ಮಾದರಿ ಬರೆದು ಎಲ್ಲರ ಸಹಿ ಹಾಕಿಸುವ ಅಡ್ಡದಾರಿಯಂತೂ ಬೇಡ. ಒಂದು ಕಾಲೇಜಿನ ಕಡತದಲ್ಲಿ ಏಳು ಕಂಪನಿಗಳ ಪತ್ರಗಳಲ್ಲೂ ಒಂದೇ ಪದ ಒಂದೇ ಥರ ತಪ್ಪಾಗಿತ್ತು. ‘ಇಬ್ಬರು ಸೂಪರ್‌ವೈಸರ್‌ಗಳು ಬಿಲ್ಟ್ ಸಭೆಗೆ ಬರುತ್ತಾರೆ, ಬೇಸಿಗೆಯಲ್ಲಿ ಮೂವರು ವಿದ್ಯಾರ್ಥಿಗಳನ್ನು ಇಂಟರ್ನ್ ಆಗಿ ತೆಗೆದುಕೊಳ್ಳುತ್ತೇವೆ’ ಎಂಬಂಥ ಎರಡು ಪತ್ರಗಳು ಹೊಗಳಿಕೆಯ ಇಪ್ಪತ್ತಕ್ಕಿಂತ ಮೇಲು.

ಹೆಜ್ಜೆ 4: ಬರೆಯುವುದು

ವಿವರಣೆಗೆ 15 ಪುಟ, ಸಾರಾಂಶಕ್ಕೆ 1 ಪುಟ. ಸಾರಾಂಶದಲ್ಲಿ ‘ಓವರ್‌ವ್ಯೂ’ (ಕೆಲಸದ ಸ್ಥೂಲ ಪರಿಚಯ), ‘ಇಂಟೆಲೆಕ್ಚುವಲ್ ಮೆರಿಟ್’ (ಜ್ಞಾನಕ್ಕೆ ಏನು ಸೇರುತ್ತದೆ), ‘ಬ್ರಾಡರ್ ಇಂಪ್ಯಾಕ್ಟ್ಸ್’ (ಸಮಾಜಕ್ಕೆ ಏನು ಪ್ರಯೋಜನ) ಎಂಬ ಮೂರು ಭಾಗ ಕಡ್ಡಾಯ. ಅಕ್ಷರದ ಗಾತ್ರ, ಅಂಚು, ಪುಟಮಿತಿ ಮೀರಿದರೆ ಅರ್ಜಿ ಓದದೆಯೇ ವಾಪಸ್ ಬರಬಹುದು. ಬರೆಯುವವರು ಬೋಧಕರೇ ಆಗಿರಲಿ. ಗ್ರಾಂಟ್ ಆಫೀಸಿನವರು ತಿದ್ದಲಿ, ಬರೆಯುವುದು ಬೇಡ. ಲ್ಯಾಬ್‌ನ ವಾಸನೆ ಹೋಗಿಬಿಡುತ್ತದೆ.

ಹೆಜ್ಜೆ 5: ಬಜೆಟ್

ಮೊದಲು ಬೋಧಕರ ಸಮಯಕ್ಕೆ ಹಣ ಇಡಿ. ಒಂದು ಕೋರ್ಸಿನ ಪಾಠದಿಂದಲಾದರೂ ಬಿಡುವು ಪಡೆಯದೆ ‘ರಾತ್ರಿ ಹೊತ್ತು ಮಾಡ್ತೀನಿ’ ಎಂದವರು ಎರಡನೇ ಸೆಮಿಸ್ಟರ್‌ಗೇ ಸುಸ್ತಾಗುವುದನ್ನು ಕಂಡಿದ್ದೇನೆ. ‘ಕಾಲೇಜಿನಿಂದ ಇಷ್ಟು ಹಾಕುತ್ತೇವೆ’ ಎಂದು ಉದಾರವಾಗಿ ಬರೆಯಬೇಡಿ, ಹಾಗೆ ಸ್ವಯಂಪ್ರೇರಿತವಾಗಿ ಪಾಲು ಘೋಷಿಸಲು ಎನ್‌ಎಸ್‌ಎಫ್ ನಿಯಮದಲ್ಲೇ ಅವಕಾಶವಿಲ್ಲ. ಕೆಲಸ ಹೇಗೆ ನಡೆಯಿತೆಂದು ಅಳೆಯುವ ಮೌಲ್ಯಮಾಪಕರು ಪ್ರಾಜೆಕ್ಟಿನ ಹೊರಗಿನವರಾಗಿರಲಿ, ಪಕ್ಕದ ರೂಮಿನ ಗೆಳೆಯರಲ್ಲ. ಅವರನ್ನು ಅರ್ಜಿ ಬರೆಯುವಾಗಲೇ ಕರೆದುಕೊಳ್ಳಿ. ವೆಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದ ಇವ್ಯಾಲ್ಯು-ಎಟಿಇ ಕೇಂದ್ರದವರು ಇದಕ್ಕೆ ಬೇಕಾದ ಮಾದರಿಗಳನ್ನು ಪುಕ್ಕಟೆ ಕೊಡುತ್ತಾರೆ.

ಹೆಜ್ಜೆ 6: ಕಳಿಸುವುದು

ಕೊನೆಯ ದಿನ ನಿಮ್ಮ ಕಾಲೇಜಿನ ಸ್ಥಳೀಯ ಸಮಯ ಸಂಜೆ 5ಕ್ಕೆ ಬಾಗಿಲು ಮುಚ್ಚುತ್ತದೆ. ಎರಡು ದಿನ ಮೊದಲೇ ಒತ್ತಿಬಿಡಿ.

ಹೆಜ್ಜೆ 7: ಸಿಗದಿದ್ದರೆ

ಪರಿಶೀಲಕರ ಟಿಪ್ಪಣಿಗಳು ನಿಮಗೇ ಬರುತ್ತವೆ, ‘ಎಕ್ಸಲೆಂಟ್’ನಿಂದ ‘ಪೂರ್’ವರೆಗಿನ ಶ್ರೇಣಿಯ ಸಮೇತ. ಬಂದ ದಿನ ಓದಬೇಡಿ, ಸಿಟ್ಟು ಇಳಿದ ಮೇಲೆ ಓದಿ. ಇಬ್ಬರು ಒಂದೇ ಜಾಗದಲ್ಲಿ ಬೆರಳಿಟ್ಟಿದ್ದರೆ ಅಲ್ಲಿ ತಪ್ಪಿರುವುದು ನೀವೇ. ಅದನ್ನು ತಿದ್ದಿ ಮುಂದಿನ ವರ್ಷ ಮತ್ತೆ ಹಾಕಿ. ನಡುವೆ ಒಂದು ಕೆಲಸ ಮಾಡಿ: ‘ನಾನೂ ಪರಿಶೀಲಕನಾಗಿ ಬರುತ್ತೇನೆ’ ಎಂದು ಪ್ರೋಗ್ರಾಂ ಅಧಿಕಾರಿಗೆ ನಿಮ್ಮ ಪರಿಚಯ ಪತ್ರ ಕಳಿಸಿ. ನನಗೆ ಗೊತ್ತಿರುವ ಒಳ್ಳೆಯ ಅಡ್ಡದಾರಿ ಇದೊಂದೇ. ಬೇರೆಯವರ ಅರ್ಜಿಗಳನ್ನು ಒಂದರ ಹಿಂದೊಂದು ಓದುತ್ತ ಕೂತಾಗ, ಮೂರನೇ ಪುಟದಲ್ಲಿ ಯಾರದೋ ಮಾಡೆಲ್ ನಂಬರ್ ಎದುರಾಗುತ್ತದೆ.